ಡೌನ್‌ಲೋಡ್ ಆಯಿತು, ಇನ್‌ಸ್ಟಾಲ್ ಯಾಕಾಗುತ್ತಿಲ್ಲ? ಲಿನಕ್ಸ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲಿನಕ್ಸ್‌ಗೆ ಹೊಸದಾಗಿ ಬಂದವರದು, ಎಲ್ಲರೂ ಸಾಫ್ಟ್‌ವೇರ್ ಹಾಕಿಕೊಳ್ಳುವ ಹಂತದಲ್ಲೇ ಸಿಕ್ಕಿಕೊಂಡಿದ್ದಾರೆ. ಇಲ್ಲಿನ ಉತ್ತರಗಳು ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22ರ ಸರಣಿಗೆ ಹೊಂದುತ್ತವೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಬೇರೆ ಹೇಳಿರದಿದ್ದರೆ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಚುಕ್ಕಿ, ಅಡ್ಡಗೆರೆ, ನಡುವಿನ ಖಾಲಿ ಜಾಗ ಯಾವುದನ್ನೂ ಬಿಡಬೇಡಿ.

ಪ್ರಶ್ನೆ: ಜಾಲತಾಣದಿಂದ ಟಾರ್.ಜಿಝಡ್ ಫೈಲ್ ಇಳಿಸಿಕೊಂಡು ಬಿಚ್ಚಿದೆ. ಒಳಗೆ ಹತ್ತಾರು ಫೈಲ್‌ಗಳಿವೆ, ಸೆಟಪ್ ಎಂಬುದು ಮಾತ್ರ ಎಲ್ಲೂ ಇಲ್ಲ. ಯಾವುದನ್ನು ಕ್ಲಿಕ್ ಮಾಡಬೇಕು?

ಬಹುಶಃ ಯಾವುದನ್ನೂ ಅಲ್ಲ. ನೀವು ಇಳಿಸಿಕೊಂಡಿದ್ದು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಆಗಿರಬಹುದು. ಫೋಲ್ಡರಿನಲ್ಲಿ 'ಕಾನ್ಫಿಗರ್', 'ಮೇಕ್‌ಫೈಲ್' ಅಥವಾ 'ಸಿಮೇಕ್‌ಲಿಸ್ಟ್ಸ್' ಎಂಬ ಹೆಸರಿನ ಫೈಲ್ ಕಂಡರೆ ಅದು ಪ್ರೋಗ್ರಾಮರುಗಳಿಗೆಂದು ಇಟ್ಟದ್ದು. ಅದನ್ನು ಕಂಪೈಲ್ ಮಾಡಿಕೊಳ್ಳಬೇಕು, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಿಸಬೇಕು, ಅದಕ್ಕೆ ಬೇಕಾದ ಲೈಬ್ರರಿಗಳನ್ನು (ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಮೊದಲೇ ಹುಡುಕಿ ಹಾಕಿಕೊಂಡಿರಬೇಕು. ಹೊಸಬರು ಆ ದಾರಿ ಹಿಡಿಯುವುದು ಬೇಡ.

ವಿಂಡೋಸ್‌ನಲ್ಲಿ ರೂಢಿಯಾದ ಕ್ರಮವೆಂದರೆ ಮೊದಲು ಜಾಲತಾಣಕ್ಕೆ ಹೋಗುವುದು, ಡೌನ್‌ಲೋಡ್ ಬಟನ್ ಒತ್ತುವುದು. ಲಿನಕ್ಸ್‌ನಲ್ಲಿ ಜಾಲತಾಣದ ಸರದಿ ಕೊನೆಗೆ ಬರುತ್ತದೆ. ಮೊದಲು ಉಬುಂಟುವಿನ ಆ್ಯಪ್ ಸೆಂಟರ್ ಅಥವಾ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹೆಸರು ಹುಡುಕಿ. ಅಲ್ಲಿ ಸಿಗದಿದ್ದರೆ ಫ್ಲ್ಯಾಟ್‌ಪ್ಯಾಕ್ ಬಗೆಯ ಸಾಫ್ಟ್‌ವೇರುಗಳ ಅಂಗಡಿಯಾದ ಫ್ಲ್ಯಾಟ್‌ಹಬ್ ನೋಡಿ. ಅಲ್ಲಿಯೂ ಇಲ್ಲದಿದ್ದಾಗ ತಯಾರಕರ ಜಾಲತಾಣದಲ್ಲಿ .ಡೆಬ್ ಫೈಲ್ (ಉಬುಂಟು, ಮಿಂಟ್‌ಗಳಿಗೆ ಹೊಂದುವ ಇನ್‌ಸ್ಟಾಲ್ ಫೈಲ್) ಇದೆಯೇ, ಅದೂ ಇಲ್ಲದಿದ್ದರೆ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸುವ ಒಂದೇ ಫೈಲ್) ಇದೆಯೇ ಎಂದು ನೋಡಿ. ಈ ಕ್ರಮಕ್ಕೆ ಕಾರಣ ಅಪ್‌ಡೇಟ್. ಮೊದಲ ಎರಡು ಜಾಗಗಳಿಂದ ಬಂದದ್ದು ಸಾಮಾನ್ಯವಾಗಿ ತಾನಾಗಿ, ಸಿಸ್ಟಂನ ಜೊತೆಯಲ್ಲೇ ಅಥವಾ ಒಂದೇ ಕಮಾಂಡಿನಿಂದ ಅಪ್‌ಡೇಟ್ ಆಗುತ್ತದೆ. ಕೈಯಾರೆ ಬಿಚ್ಚಿ ಹಾಕಿದ್ದನ್ನು ಕೈಯಾರೆಯೇ ನೋಡಿಕೊಳ್ಳಬೇಕು. ಭದ್ರತೆಯ ದೋಷ ಪತ್ತೆಯಾದರೂ ನಿಮಗೆ ಸುದ್ದಿ ಬರುವುದಿಲ್ಲ.

.ಡೆಬ್ ಆಯ್ದುಕೊಳ್ಳುವಾಗ ಇನ್ನೊಂದು ಗೊಂದಲ ಎದುರಾಗುತ್ತದೆ. ಪಟ್ಟಿಯಲ್ಲಿ 'ಎಎಂಡಿ64', 'ಆರ್ಮ್64', 'ಐ386' ಎಂದೆಲ್ಲ ಇರುತ್ತದೆ. ತಮ್ಮದು ಇಂಟೆಲ್ ಪ್ರೊಸೆಸರ್ ಎಂದು ಎಎಂಡಿ64 ಅನ್ನು ಬಿಟ್ಟು ಐ386 ಇಳಿಸಿಕೊಳ್ಳುವವರು ಬಹಳ ಮಂದಿ. ಈ 64 ಬಿಟ್ ವಿನ್ಯಾಸವನ್ನು ಮೊದಲು ತಂದದ್ದು ಎಎಂಡಿ ಕಂಪನಿ, ಅದಕ್ಕೇ ಆ ಹೆಸರು ಉಳಿದುಕೊಂಡಿದೆ. ಇಂಟೆಲ್ ಇರಲಿ, ಎಎಂಡಿ ಇರಲಿ, ಸಾಮಾನ್ಯ ಲ್ಯಾಪ್‌ಟಾಪಿಗೆ ಬೇಕಾದದ್ದು ಎಎಂಡಿ64. ಕೆಲವು ಕಡೆ ಅದನ್ನೇ 'ಎಕ್ಸ್86_64' ಎಂದು ಬರೆದಿರುತ್ತಾರೆ. ಐ386 ಎಂದರೆ ಹಳೆಯ 32 ಬಿಟ್.

.ಡೆಬ್ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಏನೂ ಆಗದಿದ್ದರೆ, ಅಥವಾ ಅದು ಜಿಪ್ ಫೈಲಿನಂತೆ ಬಿಚ್ಚಿಕೊಂಡರೆ, ಆ ಫೋಲ್ಡರಿನಲ್ಲೇ ಟರ್ಮಿನಲ್ ತೆರೆದು ಹೀಗೆ ಕೊಡಿ:

ಸುಡೋ ಆಪ್ಟ್ ಇನ್‌ಸ್ಟಾಲ್ ./ಫೈಲಿನ‌ಹೆಸರು.ಡೆಬ್

ಸುಡೋ ಎಂದರೆ ನಿರ್ವಾಹಕನ ಅಧಿಕಾರದಿಂದ ಓಡಿಸು ಎಂದು, ಆಪ್ಟ್ ಎಂಬುದು ಪ್ಯಾಕೇಜುಗಳನ್ನು (ಇನ್‌ಸ್ಟಾಲ್‌ಗೆ ಸಿದ್ಧವಾದ ಸಾಫ್ಟ್‌ವೇರ್ ಗಂಟುಗಳನ್ನು) ಹಾಕುವ ಪ್ರೋಗ್ರಾಂ. ಹೆಸರಿನ ಮುಂದಿನ ಚುಕ್ಕಿ ಮತ್ತು ಓರೆಗೆರೆ ಬಹಳ ಮುಖ್ಯ. 'ಈ ಫೋಲ್ಡರಿನಲ್ಲಿರುವ ಫೈಲ್' ಎಂದು ಆಪ್ಟ್‌ಗೆ ತಿಳಿಸುವುದು ಅದೇ. ಬಿಟ್ಟರೆ ಆಪ್ಟ್ ಆ ಹೆಸರಿನ ಪ್ಯಾಕೇಜನ್ನು ಅಂತರ್ಜಾಲದ ರೆಪೊಸಿಟರಿಯಲ್ಲಿ (ಸಾಫ್ಟ್‌ವೇರ್ ಭಂಡಾರದಲ್ಲಿ) ಹುಡುಕಿ, ಸಿಗಲಿಲ್ಲ ಎನ್ನುತ್ತದೆ. ಹಳೆಯ ಪಾಠಗಳಲ್ಲಿ ಕಾಣುವ 'ಡಿಪಿಕೆಜಿ -ಐ' ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಜೊತೆಗೆ ಬೇಕಾದ ಇತರ ಪ್ಯಾಕೇಜುಗಳನ್ನು ಅದು ತರುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಹಾಗೆ ನಿಂತಿದ್ದರೆ 'ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಕೊಟ್ಟು ಸರಿಪಡಿಸಿ. ಎಲ್ಲ ಮುಗಿದ ಮೇಲೆ 'ಅನ್‌ಸ್ಯಾಂಡ್‌ಬಾಕ್ಸ್ಡ್ ಆ್ಯಸ್ ರೂಟ್' ಎಂಬ ಸಾಲೊಂದು ಬಂದರೆ ಗಾಬರಿ ಬೇಡ. ಅದು ಬರೀ ಸೂಚನೆ, ಸಾಫ್ಟ್‌ವೇರ್ ಸರಿಯಾಗಿಯೇ ಕೂತಿರುತ್ತದೆ.

ಪ್ರಶ್ನೆ: ಟರ್ಮಿನಲ್ ಪಾಸ್‌ವರ್ಡ್ ಕೇಳುತ್ತದೆ, ಆದರೆ ಕೀಬೋರ್ಡ್ ಕೆಲಸ ಮಾಡುವುದಿಲ್ಲ. ಪೇಸ್ಟ್ ಕೂಡ ಆಗುವುದಿಲ್ಲ.

ಕೀಬೋರ್ಡ್ ಕೆಲಸ ಮಾಡುತ್ತಿದೆ. ಪಾಸ್‌ವರ್ಡ್ ಎಷ್ಟು ಉದ್ದವಿದೆ ಎಂಬುದೂ ಪಕ್ಕದವರಿಗೆ ತಿಳಿಯಬಾರದೆಂದು ಉಬುಂಟು 24.04ರಲ್ಲಿ ಸುಡೋ ಚುಕ್ಕಿಗಳನ್ನು ಕೂಡ ತೋರಿಸುವುದಿಲ್ಲ. ಕಾಣದಿದ್ದರೂ ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಇದು ಕಂಪ್ಯೂಟರಿಗೆ ಲಾಗಿನ್ ಆಗುವಾಗ ಕೊಡುವ ಪಾಸ್‌ವರ್ಡೇ, ಬೇರೆ ಅಲ್ಲ. ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಲು ಕಂಟ್ರೋಲ್, ಶಿಫ್ಟ್ ಮತ್ತು ವಿ ಮೂರನ್ನೂ ಒಟ್ಟಿಗೆ ಒತ್ತಬೇಕು. ಕಾಪಿಗೂ ಹಾಗೆಯೇ ಶಿಫ್ಟ್ ಸೇರಿಸಿ, ಏಕೆಂದರೆ ಬರೀ ಕಂಟ್ರೋಲ್-ಸಿ ಒತ್ತಿದರೆ ಓಡುತ್ತಿರುವ ಕಮಾಂಡ್ ನಿಂತುಹೋಗುತ್ತದೆ.

ಪ್ರಶ್ನೆ: ಒಂದೇ ಸಾಫ್ಟ್‌ವೇರ್ ಸ್ಟೋರಿನಲ್ಲಿ ಎರಡು ಸಲ ಕಾಣುತ್ತದೆ. ಒಂದು ಚಿಕ್ಕದು, ಇನ್ನೊಂದನ್ನು ಒತ್ತಿದರೆ ನೂರಾರು ಎಂಬಿ ಇಳಿಸಬೇಕು ಎನ್ನುತ್ತದೆ. ದೊಡ್ಡದನ್ನೇ ಹಾಕಿಕೊಂಡೆ. ಈಗ ಅದಕ್ಕೆ ನನ್ನ ಪೆನ್‌ಡ್ರೈವ್ ಕಾಣುತ್ತಿಲ್ಲ.

ಹೊಸಬರ ಕಣ್ಣಿಗೆ ಇದು ಬೇಕೆಂದೇ ಮಾಡಿದ ಗೊಂದಲದಂತೆ ಕಂಡರೆ ತಪ್ಪಿಲ್ಲ. ಉಬುಂಟುವಿನಲ್ಲಿ ಡೆಬ್ ಮತ್ತು ಸ್ನ್ಯಾಪ್ (ಉಬುಂಟು ತಯಾರಕರದೇ ಬಗೆ), ಮಿಂಟ್‌ನಲ್ಲಿ ಡೆಬ್ ಮತ್ತು ಫ್ಲ್ಯಾಟ್‌ಪ್ಯಾಕ್, ಹೀಗೆ ಎರಡೆರಡು ಬಗೆಯನ್ನು ಒಂದೇ ಅಂಗಡಿಯಲ್ಲಿಟ್ಟು, ಯಾವುದು ಯಾವುದೆಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಆಯ್ಕೆಯ ಸ್ವಾತಂತ್ರ್ಯ ಎನ್ನುವುದು ವ್ಯತ್ಯಾಸ ಗೊತ್ತಿದ್ದವರಿಗೆ ಮಾತ್ರ ಸ್ವಾತಂತ್ರ್ಯ.

ಡೆಬ್ ಎಂದರೆ ಸಿಸ್ಟಂನ ಲೈಬ್ರರಿಗಳನ್ನೇ ಹಂಚಿಕೊಳ್ಳುವ ಪ್ಯಾಕೇಜ್. ಹಾಗಾಗಿ ಚಿಕ್ಕದು. ಆದರೆ ಉಬುಂಟು 24.04 ಏಪ್ರಿಲ್ 2024ರಲ್ಲಿ ಬಿಡುಗಡೆಯಾದಾಗ ಇದ್ದ ಆವೃತ್ತಿಯೇ ಬಹುಮಟ್ಟಿಗೆ ಕೊನೆಯತನಕ ಉಳಿಯುತ್ತದೆ. ಭದ್ರತೆಯ ತೇಪೆ ಬರುತ್ತದೆ, ಹೊಸ ಸೌಲಭ್ಯಗಳು ಬರುವುದಿಲ್ಲ. ಸ್ಟೋರಿನಲ್ಲಿರುವುದು ಹಳೆಯದು ಎಂದು ಬರೆದ ಇತರ ಓದುಗರಿಗೂ ಇದೇ ಉತ್ತರ. ಫ್ಲ್ಯಾಟ್‌ಪ್ಯಾಕ್ ತನಗೆ ಬೇಕಾದ ಲೈಬ್ರರಿಗಳನ್ನು 'ರನ್‌ಟೈಮ್' ಎಂಬ ಪ್ರತ್ಯೇಕ ಗಂಟಿನಲ್ಲಿ ತರುತ್ತದೆ. ನಿಮಗೆ ಕಂಡ ನೂರಾರು ಎಂಬಿಯಲ್ಲಿ ಹೆಚ್ಚಿನ ಪಾಲು ಆ ರನ್‌ಟೈಮ್‌ನದು. ಅದೇ ರನ್‌ಟೈಮ್ ಬಳಸುವ ಎರಡನೇ ಸಾಫ್ಟ್‌ವೇರ್ ಹಾಕುವಾಗ ಮತ್ತೆ ಅಷ್ಟು ಇಳಿಯುವುದಿಲ್ಲ.

ಪೆನ್‌ಡ್ರೈವ್ ಕಾಣದಿರುವುದು ದೋಷವಲ್ಲ, ಕಾವಲು. ಸ್ನ್ಯಾಪ್ ಮತ್ತು ಫ್ಲ್ಯಾಟ್‌ಪ್ಯಾಕ್ ಸಾಫ್ಟ್‌ವೇರುಗಳಿಗೆ ಅನುಮತಿ ಕೊಟ್ಟ ಫೋಲ್ಡರುಗಳು ಮಾತ್ರ ಸಿಗುತ್ತವೆ. ಪೆನ್‌ಡ್ರೈವ್ ಜೋಡಣೆಯಾಗುವುದು 'ಮೀಡಿಯಾ' ಎಂಬ ಫೋಲ್ಡರಿನಡಿ, ಅದು ನಿಮ್ಮ ಹೋಮ್ ಫೋಲ್ಡರಿನ ಹೊರಗಿದೆ. ನೀವು ಹಾಕಿಕೊಂಡಿದ್ದು ಫ್ಲ್ಯಾಟ್‌ಪ್ಯಾಕ್ ಆದರೆ ಫ್ಲ್ಯಾಟ್‌ಹಬ್‌ನಿಂದ 'ಫ್ಲ್ಯಾಟ್‌ಸೀಲ್' ಹಾಕಿಕೊಳ್ಳಿ. ಅದನ್ನು ತೆರೆದು ಎಡಗಡೆ ನಿಮ್ಮ ಸಾಫ್ಟ್‌ವೇರ್ ಆರಿಸಿ, ಫೈಲ್‌ಸಿಸ್ಟಂ ವಿಭಾಗದ 'ಅದರ್ ಫೈಲ್ಸ್' ಪಟ್ಟಿಗೆ /ಮೀಡಿಯಾ ಎಂದು ಸೇರಿಸಿ. ಸ್ನ್ಯಾಪ್ ಆದರೆ:

ಸುಡೋ ಸ್ನ್ಯಾಪ್ ಕನೆಕ್ಟ್ ಸಾಫ್ಟ್‌ವೇರಿನ‌ಹೆಸರು:ರಿಮೂವಬಲ್-ಮೀಡಿಯಾ

ಎರಡರಲ್ಲೂ ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ತಯಾರಕರು ಆ ಅನುಮತಿಗೆ ಬೇಕಾದ ಏರ್ಪಾಟನ್ನೇ ಮಾಡಿರದ ಸ್ನ್ಯಾಪ್‌ಗಳಲ್ಲಿ ಕಮಾಂಡ್ ಕೆಲಸ ಮಾಡುವುದಿಲ್ಲ. ಆಗ ಫೈಲನ್ನು ಹೋಮ್ ಫೋಲ್ಡರಿಗೆ ನಕಲು ಮಾಡಿಕೊಳ್ಳುವುದೇ ದಾರಿ.

ಒಂದು ಎಚ್ಚರಿಕೆ: ಒಂದೇ ಸಾಫ್ಟ್‌ವೇರನ್ನು ಎರಡು ಬಗೆಯಲ್ಲಿ ಹಾಕಿಕೊಳ್ಳಬೇಡಿ. ಡೆಬ್ ಆವೃತ್ತಿ ಸೆಟ್ಟಿಂಗ್‌ಗಳನ್ನು ಒಂದು ಕಡೆ ಇಡುತ್ತದೆ, ಫ್ಲ್ಯಾಟ್‌ಪ್ಯಾಕ್ ಹೋಮ್ ಫೋಲ್ಡರಿನ ಅಡಗಿದ '.ವಾರ್' ಒಳಗೆ, ಸ್ನ್ಯಾಪ್ 'ಸ್ನ್ಯಾಪ್' ಎಂಬ ಫೋಲ್ಡರಿನಲ್ಲಿ. ಮೆನುವಿನಲ್ಲಿ ಎರಡು ಐಕಾನ್ ಕಾಣುತ್ತವೆ, ಒಂದು ದಿನ ಇದನ್ನು, ಇನ್ನೊಂದು ದಿನ ಅದನ್ನು ಒತ್ತಿ, 'ನನ್ನ ಬುಕ್‌ಮಾರ್ಕ್‌ಗಳೆಲ್ಲ ಅಳಿಸಿಹೋದವು' ಎಂದು ಹುಡುಕಾಡುವವರಿದ್ದಾರೆ. ಅಳಿಸಿರುವುದಿಲ್ಲ, ಇನ್ನೊಂದರಲ್ಲಿ ಇರುತ್ತವೆ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ವಿಷಯ ಇನ್ನೂ ಸ್ವಲ್ಪ ವಿಚಿತ್ರ: 22.04ರಿಂದೀಚೆಗೆ 'ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್' ಎಂದು ಕೊಟ್ಟರೂ ಬರುವುದು ಸ್ನ್ಯಾಪ್. ಮಿಂಟ್ ಇದಕ್ಕೆ ತದ್ವಿರುದ್ಧ. 2020ರ ಮಿಂಟ್ 20ರಿಂದ ಅಲ್ಲಿ ಸ್ನ್ಯಾಪ್ ಅನ್ನು ಮೊದಲೇ ತಡೆದಿಟ್ಟಿದ್ದಾರೆ. ಹಾಗಾಗಿ ಉಬುಂಟುವಿಗೆ ಬರೆದ ಸ್ನ್ಯಾಪ್ ಸೂಚನೆಗಳು ಮಿಂಟ್‌ನಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಮಿಂಟ್ 22 ಬಳಸುತ್ತಿದ್ದೇನೆ. ತಯಾರಕರ ಜಾಲತಾಣದಲ್ಲಿ ಉಬುಂಟುವಿಗೆಂದು ಕೊಟ್ಟ ಕಮಾಂಡ್‌ಗಳನ್ನು ಒಂದಕ್ಷರ ಬಿಡದೆ ಪೇಸ್ಟ್ ಮಾಡಿದೆ. 'ರಿಲೀಸ್ ಫೈಲ್ ಇಲ್ಲ' ಎಂಬ ದೋಷ. ಈಗ ಪ್ರತಿ ಸಲ ಅಪ್‌ಡೇಟ್ ಮಾಡುವಾಗಲೂ ಅದೇ ಬರುತ್ತಿದೆ.

ತಪ್ಪು ನಿಮ್ಮದಲ್ಲ. ಅಂಥ ಸೂಚನೆಗಳ ಒಳಗೆ 'ಎಲ್‌ಎಸ್‌ಬಿ_ರಿಲೀಸ್ -ಸಿಎಸ್' ಎಂಬ ತುಣುಕು ಇರುತ್ತದೆ. ನಿಮ್ಮ ಸಿಸ್ಟಂನ ಸಂಕೇತನಾಮ ಏನೆಂದು ಅದು ಕೇಳಿ, ಬಂದ ಉತ್ತರವನ್ನು ರೆಪೊಸಿಟರಿಯ ವಿಳಾಸಕ್ಕೆ ಜೋಡಿಸುತ್ತದೆ. ಉಬುಂಟು 24.04 ಆಗಿದ್ದರೆ ಉತ್ತರ 'ನೋಬಲ್'. ಮಿಂಟ್ 22ರಲ್ಲಿ ಬರುವುದು 'ವಿಲ್ಮಾ', 22.1ರಲ್ಲಿ 'ಶಿಯಾ'. ತಯಾರಕರ ಸರ್ವರಿನಲ್ಲಿ ವಿಲ್ಮಾ ಎಂಬ ಫೋಲ್ಡರೇ ಇಲ್ಲ, ಆದ್ದರಿಂದ ಆ ದೋಷ.

ಸರಿಪಡಿಸಲು /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿಗೆ ಹೋಗಿ, ಆ ತಯಾರಕರ ಹೆಸರಿನ ಫೈಲನ್ನು 'ಸುಡೋ ನ್ಯಾನೋ' ಮೂಲಕ ತೆರೆಯಿರಿ. ಸಾಲಿನಲ್ಲಿ ವಿಲ್ಮಾ ಇರುವಲ್ಲಿ ನೋಬಲ್ ಎಂದು ಬದಲಿಸಿ. ಕಂಟ್ರೋಲ್-ಓ ಒತ್ತಿ ಎಂಟರ್ ಕೊಟ್ಟರೆ ಉಳಿಯುತ್ತದೆ, ಕಂಟ್ರೋಲ್-ಎಕ್ಸ್ ಒತ್ತಿದರೆ ಹೊರಬರುತ್ತೀರಿ. ನಂತರ 'ಸುಡೋ ಆಪ್ಟ್ ಅಪ್‌ಡೇಟ್'. ನಿಮ್ಮ ಮಿಂಟ್ ಯಾವ ಉಬುಂಟುವಿನ ಮೇಲೆ ನಿಂತಿದೆ ಎಂದು ತಿಳಿಯಲು 'ಕ್ಯಾಟ್ /ಇಟಿಸಿ/ಓಎಸ್-ರಿಲೀಸ್' ಕೊಡಿ, 'ಉಬುಂಟು_ಕೋಡ್‌ನೇಮ್' ಎಂಬ ಸಾಲು ನೋಡಿ. ಆ ಸಾಫ್ಟ್‌ವೇರೇ ಬೇಡವೆನಿಸಿದರೆ ಮಿಂಟ್‌ನ ಸಾಫ್ಟ್‌ವೇರ್ ಸೋರ್ಸಸ್ ತೆರೆದು ಆ ರೆಪೊಸಿಟರಿಯನ್ನೇ ತೆಗೆದುಹಾಕಿ, ದೋಷವೂ ಹೋಗುತ್ತದೆ.

'ಅನೇಬಲ್ ಟು ಲೊಕೇಟ್ ಪ್ಯಾಕೇಜ್' ಎಂದು ಬರುವುದು ಬೇರೆ ತೊಂದರೆ. ಹೆಚ್ಚಿನ ಸಲ ಪಟ್ಟಿ ಹಳೆಯದಾಗಿರುತ್ತದೆ, 'ಸುಡೋ ಆಪ್ಟ್ ಅಪ್‌ಡೇಟ್' ಕೊಟ್ಟು ಮತ್ತೆ ಪ್ರಯತ್ನಿಸಿ. ಪ್ಯಾಕೇಜಿನ ಹೆಸರಿನಲ್ಲಿ ದೊಡ್ಡ ಅಕ್ಷರ ಇರುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: 'ಕುಡ್ ನಾಟ್ ಗೆಟ್ ಲಾಕ್' ಎಂದು ಬರುತ್ತದೆ. ಲಾಕ್ ಫೈಲನ್ನು ಅಳಿಸಿ ಎಂಬ ಸಲಹೆ ಓದಿದೆ. ಅಳಿಸಬಹುದೇ?

ಅಳಿಸಬೇಡಿ. ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಗ್ರಾಂ ಪ್ಯಾಕೇಜುಗಳನ್ನು ಹಾಕುತ್ತಿದೆ ಎಂಬುದಷ್ಟೇ ಅದರ ಅರ್ಥ. ದೋಷದ ಸಾಲನ್ನು ಕೊನೆಯವರೆಗೆ ಓದಿದರೆ ಯಾರು ಹಿಡಿದುಕೊಂಡಿದ್ದಾರೆ ಎಂಬುದೂ ಅಲ್ಲೇ ಇರುತ್ತದೆ. 'ಅನ್‌ಅಟೆಂಡೆಡ್-ಅಪ್‌ಗ್ರ್...' ಎಂದಿದ್ದರೆ ಅದು ಉಬುಂಟುವಿನ ಸ್ವಯಂಚಾಲಿತ ಭದ್ರತಾ ಅಪ್‌ಡೇಟ್. ಕಂಪ್ಯೂಟರ್ ಆನ್ ಮಾಡಿದ ಹೊತ್ತಿನಲ್ಲಿ ಇದು ಸಾಮಾನ್ಯ. ಮುಗಿಯುವವರೆಗೆ ಕಾಯಿರಿ. ಸಾಫ್ಟ್‌ವೇರ್ ಸ್ಟೋರ್ ತೆರೆದಿಟ್ಟಿದ್ದರೆ ಮುಚ್ಚಿ. ನಡುವೆ ಲಾಕ್ ಕಿತ್ತರೆ ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ ಒಟ್ಟಿಗೆ ಬರೆದಂತಾಗಿ, ಪ್ಯಾಕೇಜುಗಳ ದಾಖಲೆಯೇ ಕೆಡಬಹುದು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ಮಾತ್ರ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ.

ಪ್ರಶ್ನೆ: ಆ್ಯಪ್‌ಇಮೇಜ್ ಫೈಲನ್ನು ಎಷ್ಟು ಸಲ ಡಬಲ್ ಕ್ಲಿಕ್ ಮಾಡಿದರೂ ಏನೂ ಆಗುವುದಿಲ್ಲ. ದೋಷದ ಸಂದೇಶ ಕೂಡ ಇಲ್ಲ.

ಏನೂ ಹೇಳದೆ ಸುಮ್ಮನಿರುವುದೇ ಇದರ ಕೆಟ್ಟ ಗುಣ. ಮೂರು ಕಾರಣಗಳನ್ನು ಒಂದೊಂದಾಗಿ ನೋಡಿ.

ಮೊದಲನೆಯದು ಅನುಮತಿ. ಅಂತರ್ಜಾಲದಿಂದ ಇಳಿಸಿದ ಫೈಲಿಗೆ ಓಡುವ ಅನುಮತಿ ಇರುವುದಿಲ್ಲ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಉಬುಂಟುವಿನಲ್ಲಿ 'ಎಕ್ಸಿಕ್ಯೂಟಬಲ್ ಆ್ಯಸ್ ಪ್ರೋಗ್ರಾಂ' ಎಂಬ ಸ್ವಿಚ್ ಇದೆ, ಮಿಂಟ್‌ನಲ್ಲಿ ಪರ್ಮಿಶನ್ಸ್ ಪುಟದಲ್ಲಿ ಅದೇ ಅರ್ಥದ ಚೌಕವಿದೆ. ಫೈಲ್ ಫ್ಯಾಟ್32 ಪೆನ್‌ಡ್ರೈವಿನಲ್ಲಿದ್ದರೆ ಗುರುತು ಹಾಕಿದರೂ ನಿಲ್ಲುವುದಿಲ್ಲ, ಏಕೆಂದರೆ ಆ ಫಾರ್ಮ್ಯಾಟ್‌ನಲ್ಲಿ ಲಿನಕ್ಸ್ ಅನುಮತಿಗಳನ್ನು ಬರೆದಿಡಲು ಜಾಗವೇ ಇಲ್ಲ. ಹೋಮ್ ಫೋಲ್ಡರಿಗೆ ನಕಲು ಮಾಡಿಕೊಂಡು ಅಲ್ಲಿ ಅನುಮತಿ ಕೊಡಿ.

ಅನುಮತಿ ಕೊಟ್ಟ ಮೇಲೂ ಸುಮ್ಮನಿದ್ದರೆ ಟರ್ಮಿನಲ್‌ನಲ್ಲಿ ./ ಸೇರಿಸಿ ಹೆಸರು ಟೈಪ್ ಮಾಡಿ ಓಡಿಸಿ, ಆಗ ದೋಷ ಕಾಣುತ್ತದೆ. 'ಲಿಬ್‌ಫ್ಯೂಸ್.ಎಸ್‌ಓ.2' ಎಂದು ಬಂದರೆ ಹಳೆಯ ಫ್ಯೂಸ್ ಲೈಬ್ರರಿ ಬೇಕು. 22.04ರಿಂದ ಉಬುಂಟು ಅದನ್ನು ಮೊದಲೇ ಕೊಡುತ್ತಿಲ್ಲ. 24.04ರಲ್ಲಿ ಅದರ ಹೆಸರು ಬದಲಾಗಿದೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಫ್ಯೂಸ್2ಟಿ64

22.04ರಲ್ಲಾದರೆ ಬರೀ 'ಲಿಬ್‌ಫ್ಯೂಸ್2'. ಹಳೆಯ ಸೂಚನೆಗಳಲ್ಲಿ 'ಫ್ಯೂಸ್' ಎಂಬ ಪ್ಯಾಕೇಜ್ ಹಾಕಿ ಎಂದಿರುತ್ತದೆ, ಅದನ್ನು ಹಾಕಬೇಡಿ. ಅದು ಈಗ ಬಳಕೆಯಲ್ಲಿರುವ ಫ್ಯೂಸ್3 ಅನ್ನು ಕಿತ್ತುಹಾಕುತ್ತದೆ, ಅದರೊಂದಿಗೆ ಡೆಸ್ಕ್‌ಟಾಪಿನ ಭಾಗಗಳೂ ಹೋಗಬಹುದು. ಆಪ್ಟ್ 'ಇವುಗಳನ್ನು ತೆಗೆಯಲಾಗುವುದು' ಎಂದು ಪಟ್ಟಿ ತೋರಿಸಿದಾಗ ವೈ ಒತ್ತುವ ಮುನ್ನ ಆ ಪಟ್ಟಿಯನ್ನು ಓದಿ.

ಮೂರನೆಯದು, 'ಸ್ಯಾಂಡ್‌ಬಾಕ್ಸ್' ಎಂಬ ಪದವಿರುವ ದೋಷ. ಉಬುಂಟು 24.04 ಭದ್ರತೆಗಾಗಿ ಒಂದು ಬಗೆಯ ಪ್ರತ್ಯೇಕೀಕರಣವನ್ನು ಗುರುತಿಲ್ಲದ ಪ್ರೋಗ್ರಾಂಗಳಿಗೆ ನಿರ್ಬಂಧಿಸಿದೆ, ಎಲೆಕ್ಟ್ರಾನ್ (ಬ್ರೌಸರ್ ತಂತ್ರಜ್ಞಾನದಿಂದ ಆ್ಯಪ್ ಕಟ್ಟುವ ಸಾಧನ) ಬಳಸಿ ಮಾಡಿದ ಆ್ಯಪ್‌ಇಮೇಜ್‌ಗಳು ಇದರಿಂದ ನಿಲ್ಲುತ್ತವೆ. '--ನೋ-ಸ್ಯಾಂಡ್‌ಬಾಕ್ಸ್' ಸೇರಿಸಿದರೆ ಓಡುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಓಡುವುದು ನಿಜ, ಆದರೆ ಸಾಫ್ಟ್‌ವೇರಿನ ಸ್ವಂತ ರಕ್ಷಣೆಯನ್ನು ಕಳಚಿದಂತೆ. ಅದರ ಡೆಬ್ ಅಥವಾ ಫ್ಲ್ಯಾಟ್‌ಪ್ಯಾಕ್ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಪ್ರಶ್ನೆ: ಗ್ರಾಫಿಕ್ಸ್ ಡ್ರೈವರ್ ಹಾಕುವಾಗ ಏನೋ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂದು ಹೋಯಿತು. ಈಗ ಡ್ರೈವರ್ ಇದ್ದೂ ಇಲ್ಲದಂತಾಗಿದೆ.

ಆ ನೀಲಿ ಪರದೆ ದೋಷದ್ದಲ್ಲ, ನಿಮ್ಮ ಒಪ್ಪಿಗೆ ಕೇಳಲು ಬಂದದ್ದು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಕೋಡನ್ನು ಮಾತ್ರ ಓಡಲು ಬಿಡುವ ಕಾವಲು) ಆನ್ ಇರುವ ಕಂಪ್ಯೂಟರಿನಲ್ಲಿ ಸಹಿ ಇರುವ ಮಾಡ್ಯೂಲುಗಳು (ಡ್ರೈವರಿನಂಥ ತುಣುಕುಗಳು) ಮಾತ್ರ ಸಿಸ್ಟಂನ ತಿರುಳಾದ ಕರ್ನೆಲ್‌ಗೆ ಸೇರುತ್ತವೆ. ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್, ಕೆಲವು ವೈಫೈ ಚಿಪ್‌ಗಳ ಡ್ರೈವರುಗಳು ಡಿಕೆಎಂಎಸ್ ಎಂಬ ವ್ಯವಸ್ಥೆಯ ಮೂಲಕ ನಿಮ್ಮ ಕಂಪ್ಯೂಟರಿನಲ್ಲೇ ತಯಾರಾದಾಗ, ಅವಕ್ಕೆ ಸಹಿ ಹಾಕಲು ಅಲ್ಲೇ 'ಮಾಕ್' ಎಂಬ ಒಂದು ಕೀಲಿ ಸೃಷ್ಟಿಯಾಗುತ್ತದೆ. ಆ ಕೀಲಿಯನ್ನು ನಂಬಬಹುದೆಂದು ಮಶಿನ್ ಮುಂದೆ ಕೂತವರೇ ಹೇಳಬೇಕು. ಪರದೆ ಸುಮಾರು 10 ಸೆಕೆಂಡ್ ಮಾತ್ರ ಕಾಯುತ್ತದೆ. ಕೀ ಒತ್ತದಿದ್ದರೆ ಕೀಲಿ ದಾಖಲಾಗದೆ ಬೂಟ್ ಮುಂದುವರಿಯುತ್ತದೆ, ಡ್ರೈವರ್ ಹೊರಗೇ ಉಳಿಯುತ್ತದೆ. ಇಷ್ಟು ಮುಖ್ಯವಾದ ಹೆಜ್ಜೆಯನ್ನು ಇಷ್ಟು ಕಡಿಮೆ ವಿವರಣೆಯೊಂದಿಗೆ ಮುಂದಿಡುವುದು ಸರಿಯಲ್ಲ.

ಮತ್ತೆ ಮಾಡುವುದು ಹೀಗೆ. ಮೊದಲು 'ಮಾಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಕೊಟ್ಟು ಸೆಕ್ಯೂರ್ ಬೂಟ್ ಆನ್ ಇದೆಯೆಂದು ಖಚಿತಪಡಿಸಿಕೊಳ್ಳಿ. ನಂತರ:

ಸುಡೋ ಮಾಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಮಾಕ್/ಎಂಓಕೆ.ಡೆರ್

ಇದರಲ್ಲಿ ಫೈಲಿನ ಹೆಸರಾದ ಎಂಓಕೆ ಮೂರೂ ದೊಡ್ಡ ಅಕ್ಷರ, ಅದರ ಹಿಂದಿನ ಫೋಲ್ಡರಿನ ಹೆಸರಾದ ಮಾಕ್ ಸಣ್ಣ ಅಕ್ಷರ. ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ, ಎರಡು ಸಲ ಕೊಡಿ. ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲೇ ಇರುತ್ತದೆ, ಆದ್ದರಿಂದ ಚಿಹ್ನೆಗಳಿಲ್ಲದ, ಬರೀ ಸಣ್ಣ ಅಕ್ಷರಗಳ ಪಾಸ್‌ವರ್ಡ್ ಒಳ್ಳೆಯದು. ರೀಸ್ಟಾರ್ಟ್ ಮಾಡಿ ಪರದೆ ಮುಂದೆಯೇ ಕೂತಿರಿ. ನೀಲಿ ಪರದೆ ಬಂದ ಕೂಡಲೇ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಮಾಕ್', 'ಕಂಟಿನ್ಯೂ', 'ಯೆಸ್' ಆರಿಸಿ, ಪಾಸ್‌ವರ್ಡ್ ಕೊಟ್ಟು 'ರೀಬೂಟ್' ಮಾಡಿ. ಮೆನುವಿನಲ್ಲಿ ಮೊದಲಿಗೇ ಕಾಣುವ 'ಕಂಟಿನ್ಯೂ ಬೂಟ್' ಒತ್ತಿದರೆ ಕೆಲಸ ಕೆಟ್ಟಂತೆಯೇ, ಇಂಪೋರ್ಟ್‌ನಿಂದ ಮತ್ತೆ ಶುರು ಮಾಡಬೇಕು. ಎನ್‌ವಿಡಿಯಾ ಆದರೆ ಕೊನೆಗೆ 'ಎನ್‌ವಿಡಿಯಾ-ಎಸ್‌ಎಂಐ' ಕೊಟ್ಟು ನೋಡಿ. ಕಾರ್ಡಿನ ಹೆಸರಿರುವ ಕೋಷ್ಟಕ ಬಂದರೆ ಡ್ರೈವರ್ ಕೂತಿದೆ.

ಎನ್‌ವಿಡಿಯಾ ಜಾಲತಾಣದ .ರನ್ ಫೈಲಿನ ಸಹವಾಸ ಬೇಡ. ಸಿಸ್ಟಂನ ಅಪ್‌ಡೇಟ್ ವ್ಯವಸ್ಥೆಗೆ ಅದರ ಪರಿಚಯವಿಲ್ಲ, ಕರ್ನೆಲ್ ಅಪ್‌ಡೇಟ್ ಆದಾಗ ಅದು ಕೈಕೊಟ್ಟು ಬರೀ ಕಪ್ಪು ಪರದೆ ಉಳಿಯಬಹುದು.

ಪ್ರಶ್ನೆ: ವಿಂಡೋಸ್ ಜೊತೆಯಲ್ಲೇ ಉಬುಂಟು ಹಾಕಿದ್ದೇನೆ. ವಿಂಡೋಸ್ ಡ್ರೈವಿನಲ್ಲಿ ಏನನ್ನೂ ಬರೆಯಲು ಆಗುತ್ತಿಲ್ಲ, ಗಡಿಯಾರವೂ ಕೆಲವು ಗಂಟೆ ತಪ್ಪು ತೋರಿಸುತ್ತದೆ.

ಎರಡಕ್ಕೂ ಸಂಬಂಧವಿಲ್ಲ. ಡ್ರೈವಿನ ತೊಂದರೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣ. ಶಟ್‌ಡೌನ್ ಎಂದರೂ ಅದು ಅರ್ಧ ನಿದ್ದೆಗೆ ಹೋಗಿರುತ್ತದೆ, ಡ್ರೈವನ್ನು ಪೂರ್ತಿ ಬಿಟ್ಟುಕೊಟ್ಟಿರುವುದಿಲ್ಲ. ಆ ಸ್ಥಿತಿಯಲ್ಲಿ ಬರೆದರೆ ಫೈಲ್‌ಗಳು ಹಾಳಾಗಬಹುದೆಂದು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಶನ್ಸ್ ತೆರೆದು, ಪವರ್ ಬಟನ್ನುಗಳ ಕೆಲಸ ನಿಗದಿ ಮಾಡುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಗುರುತು ತೆಗೆಯಿರಿ. ತುರ್ತಿಗೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೂ ಆದೀತು.

ಗಡಿಯಾರದ ವಿಷಯದಲ್ಲಿ, ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ. ವ್ಯತ್ಯಾಸ ನಿಮ್ಮ ಸಮಯವಲಯ ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆಯೋ ಅಷ್ಟೇ ಇರುತ್ತದೆ. ಲಿನಕ್ಸ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಕೊಟ್ಟರೆ ಇಬ್ಬರೂ ಒಂದೇ ರೀತಿ ಓದುತ್ತಾರೆ. ಹಿಂದಕ್ಕೆ ಹೋಗಲು 1ರ ಬದಲು 0.

ಪ್ರಶ್ನೆ: ನನ್ನ ಪ್ರಿಂಟರಿನ ಜೊತೆ ಬಂದ .ಎಕ್ಸ್‌ಇ ಡ್ರೈವರನ್ನು ವೈನ್ ಮೂಲಕ ಹಾಕಬಹುದೇ?

ಆಗುವುದಿಲ್ಲ. ವೈನ್ ವಿಂಡೋಸ್‌ನ ಸಾಧಾರಣ ಪ್ರೋಗ್ರಾಂಗಳನ್ನು ಓಡಿಸುತ್ತದೆ, ಡ್ರೈವರ್ ಎಂಬುದು ಕರ್ನೆಲ್‌ನ ಜೊತೆ ಮಾತಾಡುವ ಸಂಗತಿ, ಅದು ವೈನ್‌ನ ಕೈಗೆ ಎಟುಕದು. ಪ್ರಿಂಟರ್ ಇತ್ತೀಚಿನದಾದರೆ ಮೊದಲು ಏನನ್ನೂ ಹಾಕದೆ ವೈಫೈಗೆ ಅಥವಾ ಯುಎಸ್‌ಬಿಗೆ ಜೋಡಿಸಿ, ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಪುಟ ನೋಡಿ. ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಎಂಬ ಮುದ್ರಣ ಸೌಲಭ್ಯ ಇರುವ ಪ್ರಿಂಟರುಗಳು ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತವೆ. ಎಚ್‌ಪಿಯ ಹಳೆಯ ಮಾದರಿಗಳಿಗೆ 'ಎಚ್‌ಪಿಎಲ್‌ಐಪಿ' ಪ್ಯಾಕೇಜ್ ಇದೆ. ಉಳಿದವಕ್ಕೆ ತಯಾರಕರ ಪುಟದಲ್ಲಿ ಲಿನಕ್ಸ್‌ಗೆಂದೇ ಕೊಟ್ಟ .ಡೆಬ್ ಹುಡುಕಿ. ಅದನ್ನು ಹಾಕುವ ಕ್ರಮ ಮೊದಲ ಉತ್ತರದಲ್ಲಿದೆ, ./ ಮರೆಯಬೇಡಿ.